ಗುಮ್ಮಟ ನಿಜಕ್ಕೂ ಆಕಾಶವೇ?

ಪ್ರಶ್ನೆ: ಮನೆಯವರ ಜೊತೆ ವಿಜಯಪುರಕ್ಕೆ ಹೋಗಿದ್ದೆ. ಗೋಲ ಗುಮ್ಮಟದ ಒಳಗೆ ಗೈಡ್ ಒಬ್ಬರು, "ಕೆಳಗಿನ ಚೌಕ ಭೂಮಿ, ಮೇಲಿನ ಗುಮ್ಮಟ ಆಕಾಶ, ನಡುವಿನ ಎಂಟು ಮೂಲೆ ಎಂದರೆ ದೇವರ ಸಿಂಹಾಸನ ಹೊತ್ತ ಎಂಟು ದೇವದೂತರು" ಎಂದು ವಿವರಿಸಿದರು. ಇಂಟರ್ನೆಟ್‌ನಲ್ಲಿ ತಾಜ್ ಮಹಲ್ ಬಗ್ಗೆ, ಬಾಗ್ದಾದ್ ಬಗ್ಗೆ ಕೂಡ ಇಂಥದ್ದೇ ಮಾತುಗಳಿವೆ. ಕಟ್ಟಿದವರ ಮನಸ್ಸಿನಲ್ಲಿ ಇದೆಲ್ಲ ನಿಜವಾಗಿ ಇತ್ತೇ? ಅಥವಾ ಆಮೇಲಿನವರು ಸೇರಿಸಿದ ಕಥೆಯೇ? ವಿಶ್ವ, ಆಕಾಶ, ಗ್ರಹಗಳ ಬಗೆಗಿನ ನಂಬಿಕೆ ಇಸ್ಲಾಮಿಕ್ ಕಟ್ಟಡಗಳನ್ನು ಎಷ್ಟರ ಮಟ್ಟಿಗೆ ರೂಪಿಸಿದೆ?

ಉತ್ತರ: ನಿಮ್ಮ ಗೈಡ್ ಮಾತಿನಲ್ಲಿ ಹುರುಳಿದೆ. ಆದರೆ ಅದನ್ನು ಹೇಳಲು ಅವರು ಆರಿಸಿಕೊಂಡ ಕಟ್ಟಡ ಸರಿಯಿಲ್ಲ. ಎಂಟು ದೇವದೂತರ ಮಾತು ಅವರೇ ಹೊಸೆದದ್ದಲ್ಲ. ಕಡೆಯ ದಿನ ದೇವರ ಸಿಂಹಾಸನವನ್ನು ಎಂಟು ಮಂದಿ ಹೊರುತ್ತಾರೆ ಎಂದು ಕುರಾನಿನ 69ನೇ ಅಧ್ಯಾಯದಲ್ಲಿದೆ. ಆದರೆ ಅಲ್ಲೂ ಎಂಟು, ಇಲ್ಲೂ ಎಂಟು, ಹಾಗಾಗಿ ಎರಡೂ ಒಂದೇ ಎಂದು ಗಂಟು ಹಾಕಿಬಿಟ್ಟರೆ ಕಷ್ಟ. ಬರೀ ಸಂಖ್ಯೆ ಹಿಡಿದು ಹೊರಟರೆ ಯಾವ ಕಟ್ಟಡದಿಂದಲಾದರೂ ಯಾವ ಅರ್ಥವನ್ನಾದರೂ ಹೊರಡಿಸಬಹುದು, ಅಲ್ವಾ?

ನಾನು ಮೊದಲು ನೋಡುವುದು ಒಂದನ್ನೇ. ಆ ಕಟ್ಟಡ ತಾನೇ ಬಾಯಿಬಿಟ್ಟು ಏನಾದರೂ ಹೇಳಿದೆಯೇ? ಇಸ್ಲಾಮಿಕ್ ಕಟ್ಟಡಗಳಲ್ಲಿ ಬಾಗಿಲು, ಗೋಡೆ, ಗುಮ್ಮಟದ ಬುಡ ಎಲ್ಲೆಲ್ಲೂ ಬರಹ ಇರುತ್ತದೆ. ಯಾವ ಸಾಲು ಎಲ್ಲಿ ಬರಬೇಕು ಎಂದು ಯಾರೋ ಕೂತು ಯೋಚಿಸಿರುತ್ತಾರೆ. ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಕಿಲ್ಲ.

ಈಗ ಗೋಲ ಗುಮ್ಮಟವನ್ನೇ ನೋಡೋಣ. ಒಳಗಿನ ಕೋಣೆ ಒಂದೊಂದು ಬದಿಗೂ ಸುಮಾರು 41 ಮೀಟರ್ ಇರುವ ಚೌಕ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ನಡುವೆ ಒಂದೂ ಕಂಬ ಇಲ್ಲ. ಇಷ್ಟು ದೊಡ್ಡ ಚೌಕದ ಮೇಲೆ ದುಂಡನೆಯ ಗುಮ್ಮಟ ಕೂರಿಸುವುದು ಹೇಗೆ? ಎಂಟು ದೊಡ್ಡ ಕಮಾನುಗಳನ್ನು ಒಂದಕ್ಕೊಂದು ಅಡ್ಡ ಹಾಯಿಸಿದರು. ನಕ್ಷೆಯಲ್ಲಿ ನೋಡಿದರೆ ಎರಡು ಚೌಕಗಳನ್ನು ಒಂದರ ಮೇಲೊಂದು ಇಟ್ಟು, ಒಂದನ್ನು 45 ಡಿಗ್ರಿ ತಿರುಗಿಸಿದ ಹಾಗಿದೆ. ಕಮಾನುಗಳು ಒಂದನ್ನೊಂದು ಹಾಯುವಲ್ಲಿ ಗೋಡೆ ಒಳಕ್ಕೆ ಬಾಗುತ್ತದೆ. ಚೌಕ ನಿಧಾನಕ್ಕೆ ಎಂಟು ಮೂಲೆಯಾಗಿ, ಆಮೇಲೆ ದುಂಡಗಾಗುತ್ತದೆ. ಹೀಗೆ ಒಳಕ್ಕೆ ಚಾಚಿದ ಭಾರವೇ ಗುಮ್ಮಟ ಹೊರಕ್ಕೆ ತಳ್ಳುವುದನ್ನು ತಡೆಯುತ್ತದೆ. ಪಿಸುಮಾತು ಕೇಳಲು ಜನ ನಿಲ್ಲುವ ಮೇಲಿನ ಮೊಗಸಾಲೆ ಇದೆಯಲ್ಲ, ಅದು ಕೂತಿರುವುದೂ ಈ ಚಾಚಿನ ಮೇಲೆ. ಅಂದರೆ ಎಂಟು ಮೂಲೆ ಹುಟ್ಟಿದ್ದು ಮೇಸ್ತ್ರಿಯ ಲೆಕ್ಕದಲ್ಲಿ.

ಗುಮ್ಮಟದ ಒಳಮೈ ಬೋಳು. ನಕ್ಷತ್ರ ಇಲ್ಲ, ಆಕಾಶದ ಮಾತೆತ್ತುವ ಕುರಾನಿನ ಸಾಲು ಸುತ್ತುಗಟ್ಟಿಲ್ಲ. ದಕ್ಷಿಣದ ಬಾಗಿಲ ಮೇಲೆ ಮೂರು ಪರ್ಷಿಯನ್ ಸಾಲುಗಳಿವೆ. ಇಲ್ಲಿ ಮಣ್ಣಾದ ಸುಲ್ತಾನ ಮುಹಮ್ಮದ್ ಆದಿಲ್ ಷಾ ತೀರಿಕೊಂಡ ವರ್ಷವನ್ನು ಅಕ್ಷರಗಳ ಲೆಕ್ಕದಲ್ಲಿ ಅಡಗಿಸಿಟ್ಟ ಸಾಲುಗಳು ಅವು. ಮೂರೂ ಹಿಜರಿ 1067ಕ್ಕೆ, ಅಂದರೆ 1656ಕ್ಕೆ ಬರುತ್ತವೆ. ಅವು ಹೇಳುವುದು ಸ್ವರ್ಗ ಸೇರಿದ ಸುಲ್ತಾನನ ಬಗ್ಗೆ, ವಿಶ್ವದ ರಚನೆ ಬಗ್ಗೆ ಅಲ್ಲ. ತಮಾಷೆ ಎಂದರೆ, ಆಕಾಶದಿಂದ ಬಂದದ್ದು ಎನ್ನುವ ವಸ್ತು ಅಲ್ಲಿ ಒಂದು ಇದ್ದೇ ಇದೆ. ಬಾಗಿಲ ಬಳಿ ಸರಪಳಿಯಲ್ಲಿ ತೂಗುಹಾಕಿರುವ 'ಬಿಜಲಿ ಪತ್ಥರ್'. ಅದು ಉಲ್ಕೆಯ ತುಂಡು, ಸಿಡಿಲಿನಿಂದ ಕಟ್ಟಡವನ್ನು ಕಾಯುತ್ತದೆ ಎಂದು ಜನ ನಂಬುತ್ತಾರೆ.

ಅದೇ ಊರಿನ ಇನ್ನೊಂದು ತುದಿಗೆ, ಪಶ್ಚಿಮಕ್ಕೆ, ಎರಡನೇ ಇಬ್ರಾಹಿಂ ಆದಿಲ್ ಷಾನ ಸಮಾಧಿ ಇರುವ ಇಬ್ರಾಹಿಂ ರೋಜಾ ಇದೆ. ಅದು ಬಾಯಿಬಿಟ್ಟು ಮಾತಾಡುವ ಕಟ್ಟಡ. ಸಮಾಧಿಯ ಉತ್ತರದ ಬಾಗಿಲ ಮೇಲೆ ಪರ್ಷಿಯನ್ ಪದ್ಯ ಇದೆ. ಈ ಕಟ್ಟಡದ ಎತ್ತರ ಕಂಡು ಆಕಾಶವೇ ಬೆರಗಾಗಿ ನಿಂತಿತು, ಇದು ತಲೆ ಎತ್ತಿದಾಗ ನೆಲದಿಂದ ಇನ್ನೊಂದು ಆಕಾಶ ಎದ್ದ ಹಾಗಾಯಿತು ಎಂಬುದು ಅದರ ಸಾರ. ಸ್ವರ್ಗದ ತೋಟ ಕೂಡ ತನ್ನ ಚೆಲುವನ್ನು ಇಲ್ಲಿಂದಲೇ ಕಡ ತಂದಿತಂತೆ. ಕಾಲ ಹಿಜರಿ 1036, ಅಂದರೆ 1626-27. ಹಾಗಾದರೆ ಇಲ್ಲಿ ಗುಮ್ಮಟ ಎಂದರೆ ಆಕಾಶ ಅಂತ ಖಚಿತವಾಯಿತೇ? ತುಸು ತಡೆಯಿರಿ. ಒಳಗೆ ಹೋಗಿ ತಲೆ ಎತ್ತಿ ನೋಡಿದರೆ ಗುಮ್ಮಟ ಕಾಣುವುದೇ ಇಲ್ಲ! ಕಲ್ಲು ಚಪ್ಪಡಿಗಳ ಸಪಾಟು ಚಾವಣಿ ಅದನ್ನು ಮುಚ್ಚಿದೆ. ಪದ್ಯದ 'ಇನ್ನೊಂದು ಆಕಾಶ' ಹೊರಗೆ ತೋಟದಲ್ಲಿ ನಿಂತು ನೋಡುವವನಿಗೆ. ಗೋರಿಯ ಪಕ್ಕ ನಿಂತವನಿಗಲ್ಲ. ಅದು ಆಸ್ಥಾನ ಕವಿಯ ಹೊಗಳಿಕೆ. ಹೊಗಳಿಕೆ ಅಂದ ಮಾತ್ರಕ್ಕೆ ಹಗುರ ಮಾಡಬೇಕಿಲ್ಲ. ಆ ಕಾಲದವರು ಗುಮ್ಮಟ ನೋಡಿದಾಗ ಥಟ್ಟನೆ ಆಕಾಶ ನೆನಪಾಗುತ್ತಿತ್ತು ಎನ್ನುವುದಕ್ಕೆ ಅದು ಸಾಕ್ಷಿ. ಅಷ್ಟರಮಟ್ಟಿಗೆ ಮಾತ್ರ ಸಾಕ್ಷಿ.

ಆದಿಲ್ ಷಾಹಿ ಆಸ್ಥಾನಕ್ಕೆ ಗ್ರಹ ನಕ್ಷತ್ರಗಳ ಹುಚ್ಚು ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಬೇಕಾದಷ್ಟು ಇತ್ತು. ಒಂದನೇ ಅಲಿ ಆದಿಲ್ ಷಾ ಕಾಲದಲ್ಲಿ, 1570ರ ಸುಮಾರಿಗೆ, 'ನುಜೂಮ್ ಅಲ್ ಉಲೂಮ್' ಎಂಬ ಚಿತ್ರಗಳಿರುವ ಹಸ್ತಪ್ರತಿ ತಯಾರಾಯಿತು. ಗ್ರಹ, ರಾಶಿ, ಮಂತ್ರ ಎಲ್ಲ ಅದರಲ್ಲಿದೆ. ಏಳು ಅಂತಸ್ತಿನ ಸಿಂಹಾಸನದ ಚಿತ್ರವೂ ಇದೆ. ಈಗ ಅದು ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಆದರೆ ಪುಸ್ತಕದಲ್ಲಿ ಇದ್ದದ್ದು ಕಟ್ಟಡಕ್ಕೂ ಇಳಿಯಿತು ಎನ್ನಬೇಕಾದರೆ ಕಟ್ಟಡ ಅದನ್ನು ಹೇಳಬೇಕು.

ಇನ್ನೊಂದು ವಿಷಯ. 'ಇಸ್ಲಾಮಿನ ವಿಶ್ವ' ಎಂದರೆ ಒಂದೇ ಚಿತ್ರ ಅಲ್ಲ. ಕುರಾನಿನಲ್ಲಿ ಒಂದರ ಮೇಲೊಂದು ಏಳು ಆಕಾಶಗಳಿವೆ, ಎಲ್ಲದರ ಮೇಲೆ ದೇವರ ಸಿಂಹಾಸನ. ಗ್ರೀಕರಿಂದ ಅರಬ್ಬಿಗೆ ಬಂದ ಖಗೋಳದಲ್ಲಿ ಚಂದ್ರನಿಂದ ಶನಿಯವರೆಗೆ ಏಳು ಗೋಳಗಳು, ಆಮೇಲೆ ನಕ್ಷತ್ರಗಳ ಎಂಟನೆಯದು, ಎಲ್ಲವನ್ನೂ ತಿರುಗಿಸುವ ಒಂಬತ್ತನೆಯದು. ಎಂಟನೆಯದೇ ದೇವರ ಪೀಠ, ಒಂಬತ್ತನೆಯದೇ ಸಿಂಹಾಸನ ಎಂದು ಹೊಂದಿಸಿ ಹೇಳಿದ ತತ್ವಜ್ಞಾನಿಗಳೂ ಇದ್ದರು. ಗುಮ್ಮಟವನ್ನು ಆಕಾಶ ಎಂದು ನೋಡುವುದಂತೂ ಇಸ್ಲಾಮಿಗಿಂತ ಹಳೆಯದು. ಇಸ್ತಾಂಬುಲ್‌ನ ಹಗಿಯಾ ಸೋಫಿಯಾ ಗುಮ್ಮಟ ಸ್ವರ್ಗದಿಂದ ಚಿನ್ನದ ಸರಪಳಿಯಲ್ಲಿ ಇಳಿಬಿಟ್ಟ ಹಾಗಿದೆ ಎಂದು 6ನೇ ಶತಮಾನದಲ್ಲೇ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದ. ಆಗ ಅದು ಚರ್ಚು. ಮಸೀದಿ ಆದ ಮೇಲೆ ಅದರ ನೆತ್ತಿಯಲ್ಲಿ ಬರೆಸಿದ್ದು ಕುರಾನಿನ 24ನೇ ಅಧ್ಯಾಯದ ಸಾಲು, ಅಲ್ಲಾಹ್ ಭೂಮಿ ಆಕಾಶಗಳ ಬೆಳಕು ಎಂಬುದು. ಗುಮ್ಮಟ ಅದೇ, ಮಾತು ಹೊಸದು.

ಕಟ್ಟಡವೇ ಸ್ಪಷ್ಟವಾಗಿ ಹೇಳುವ ಅತಿ ಒಳ್ಳೆಯ ಉದಾಹರಣೆ ಎಂದರೆ ಸ್ಪೇನಿನ ಗ್ರಾನಾಡಾದಲ್ಲಿರುವ ಅಲ್‌ಹಂಬ್ರಾ ಅರಮನೆ. ಅಲ್ಲಿನ ಕೊಮಾರೆಸ್ ಗೋಪುರದ ದರ್ಬಾರ್ ಕೋಣೆಯನ್ನು ಕಟ್ಟಿಸಿದವನು ಒಂದನೇ ಯೂಸುಫ್ (ಆಳ್ವಿಕೆ 1333-54). ಕೋಣೆ ಸುಮಾರು 11 ಮೀಟರ್ ಚೌಕ, ಎತ್ತರ 18 ಮೀಟರ್. ಮೇಲೆ ಮರದ ಚಾವಣಿ. 8,000ಕ್ಕೂ ಜಾಸ್ತಿ ಮರದ ತುಂಡುಗಳನ್ನು ಜೋಡಿಸಿ ಮಾಡಿದ ನಕ್ಷತ್ರಗಳು ಅದರಲ್ಲಿವೆ. ಸುಮ್ನೆ ಚೆಲ್ಲಿದ ನಕ್ಷತ್ರಗಳಲ್ಲ. ಒಂದರ ಮೇಲೊಂದು ಏಳು ಸಾಲು, ನೆತ್ತಿಯಲ್ಲಿ ಒಂದು ಪುಟ್ಟ ಗುಮ್ಮಟ. ಏಳು ಎಂದ ತಕ್ಷಣ ನಾನು ಮತ್ತೆ ಸಂಖ್ಯೆಯ ಬಲೆಗೆ ಬಿದ್ದೆ ಅನ್ನಬೇಡಿ. ಚಾವಣಿಯ ಬುಡದಲ್ಲಿ ಸುತ್ತಲೂ ಕುರಾನಿನ 67ನೇ ಅಧ್ಯಾಯವನ್ನು ಬರೆದಿದ್ದಾರೆ. ಏಳು ಆಕಾಶಗಳನ್ನು ಪದರ ಪದರವಾಗಿ ಸೃಷ್ಟಿಸಿದವನು ಅವನು, ಮತ್ತೆ ತಿರುಗಿ ನೋಡು, ಎಲ್ಲಾದರೂ ಬಿರುಕು ಕಾಣುತ್ತದೆಯೇ ಎಂದು ಕೇಳುವ ಅಧ್ಯಾಯ ಅದು. ಕೆಳಗಿನ ಆಕಾಶವನ್ನು ದೀಪಗಳಿಂದ ಅಲಂಕರಿಸಿದೆವು ಎಂಬ ಸಾಲೂ ಅದರಲ್ಲೇ ಬರುತ್ತದೆ. ಓದುತ್ತಾ ತಲೆ ಎತ್ತಿದರೆ ಎದುರಿಗೇ ಏಳು ಸಾಲು ನಕ್ಷತ್ರ. ಇಲ್ಲಿ ಅನುಮಾನಕ್ಕೆ ಜಾಗ ಇಲ್ಲ.

ಈಗ ಆ ಮರ ಕಪ್ಪಗೆ ಕಾಣುತ್ತದೆ. ಕಟ್ಟಿದಾಗ ಬಣ್ಣ ಬಣ್ಣವಾಗಿತ್ತು. ಯಾವ ಭಾಗಕ್ಕೆ ಯಾವ ಬಣ್ಣ ಎಂದು ಕೆಲಸಗಾರರಿಗೆ ಬರೆದುಕೊಟ್ಟಿದ್ದ ಒಂದು ಸಣ್ಣ ಹಲಗೆ ಚಾವಣಿಯ ಹಿಂಬದಿಯಲ್ಲಿ ಸಿಕ್ಕಿದೆ. ನನಗೆ ಇಡೀ ಅರಮನೆಯಲ್ಲಿ ಅತ್ಯಂತ ಪ್ರೀತಿಯ ವಸ್ತು ಅದು. ಸಿದ್ಧಾಂತ ಎಷ್ಟೇ ದೊಡ್ಡದಿದ್ದರೂ ಕೊನೆಗೆ ಬಡಗಿ, ಬಣ್ಣದವನ ಕೈಗೆ ಒಂದು ಪಟ್ಟಿ ಬೇಕೇ ಬೇಕು.

ಅದೇ ಕೋಣೆಯ ಮೂರು ಗೋಡೆಗಳಲ್ಲಿ ಗೋಡೆಗೆ ಮೂರರಂತೆ ಒಂಬತ್ತು ಗೂಡುಗಳಿವೆ. ಬಾಗಿಲಿಗೆ ಎದುರಾಗಿ ನಡುವೆ ಇರುವುದು ಸುಲ್ತಾನ ಕೂರುವ ಜಾಗ. ಅಲ್ಲಿನ ಗೋಡೆಯ ಪದ್ಯದಲ್ಲಿ ಆ ಗೂಡೇ ಮಾತಾಡುತ್ತದೆ. ಮೇಲಿನ ಎತ್ತರದ ಗುಮ್ಮಟಕ್ಕೆ ನಾವೆಲ್ಲ ಹೆಣ್ಣುಮಕ್ಕಳು, ನನ್ನ ಅಕ್ಕತಂಗಿಯರು ಅದರ ಆಕಾಶದ ರಾಶಿಗಳಾದರೆ ಸೂರ್ಯ ಇರುವ ಭಾಗ್ಯ ನನ್ನದು ಎನ್ನುತ್ತದೆ. ನೋಡಿ, ಮೇಲೆ ದೇವರ ಏಳು ಆಕಾಶ, ಕೆಳಗೆ ಸೂರ್ಯನ ಜಾಗದಲ್ಲಿ ಸುಲ್ತಾನ. ಭಕ್ತಿ, ರಾಜಕೀಯ ಎರಡೂ ಒಂದೇ ಕೋಣೆಯಲ್ಲಿ. ಆಕಾಶದ ಸಂಕೇತ ಮಸೀದಿಗಿಂತ ಅರಮನೆಯಲ್ಲೇ ಹೆಚ್ಚು ಢಾಳಾಗಿ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. ದೊರೆಗಳಿಗೆ ಅದರ ಅಗತ್ಯ ಜಾಸ್ತಿ ಇತ್ತು.

ಜೋರ್ಡಾನಿನ ಮರಳುಗಾಡಿನಲ್ಲಿರುವ ಕುಸೈರ್ ಅಮ್ರಾ ಕೂಡ ಅರಮನೆಯ ಕಥೆಯೇ. ಆಮೇಲೆ ಖಲೀಫನಾದ ವಲೀದ್ ಇಬ್ನ್ ಯಜೀದ್ 8ನೇ ಶತಮಾನದಲ್ಲಿ ಕಟ್ಟಿಸಿದ್ದು. ಅಲ್ಲಿನ ಬಿಸಿನೀರಿನ ಸ್ನಾನದ ಕೋಣೆಯ ಗುಮ್ಮಟದಲ್ಲಿ ರಾಶಿಚಕ್ರ, ನಕ್ಷತ್ರಪುಂಜ ಎಲ್ಲ ಬಣ್ಣದಲ್ಲಿ ಬರೆದಿದ್ದಾರೆ. ಗುಮ್ಮಟದ ಒಳಮೈ ಮೇಲೆ ಬರೆದ ಆಕಾಶಗಳಲ್ಲಿ ಇಂದಿಗೂ ಉಳಿದಿರುವ ಅತಿ ಹಳೆಯದು ಅದೇ. ಆದರೆ ಚಿತ್ರ ನಾವು ನೆಲದಿಂದ ನೋಡುವ ಆಕಾಶದ ಹಾಗಿಲ್ಲ. ನಕ್ಷತ್ರಗಳ ಗೋಳವನ್ನು ಹೊರಗಿನಿಂದ ನೋಡಿದ ಹಾಗೆ ತಿರುವುಮುರುವಾಗಿದೆ. ಚಿತ್ರಕಾರ ಯಾವುದೋ ಮಾದರಿ ನೋಡಿ ಹಾಗೇ ಇಳಿಸಿದ್ದಾನೆ. ಸ್ನಾನ ಮಾಡುತ್ತಾ ಮಲಗಿದ ರಾಜಕುಮಾರ ಅದನ್ನು ಗಮನಿಸಿದನೋ ಇಲ್ಲವೋ!

ನೀವು ಕೇಳಿದ ಬಾಗ್ದಾದ್ ನಡುವಿನ ಸ್ಥಿತಿಯಲ್ಲಿದೆ. 762ರಲ್ಲಿ ಖಲೀಫ ಅಲ್ ಮನ್ಸೂರ್ ದುಂಡನೆಯ ನಗರ ಕಟ್ಟಿಸಿದ. ನಾಲ್ಕು ಬಾಗಿಲು, ನಟ್ಟನಡುವೆ ಅರಮನೆ ಮತ್ತು ಮಸೀದಿ, ಅರಮನೆಯ ಮೇಲೆ ಹಸಿರು ಗುಮ್ಮಟ. ಅಡಿಪಾಯದ ಮುಹೂರ್ತ ಇಟ್ಟವರು ನೌಬಖ್ತ್, ಮಾಷಾ ಅಲ್ಲಾಹ್ ಮೊದಲಾದ ಜ್ಯೋತಿಷಿಗಳು. ಆ ಮುಹೂರ್ತದ ಕುಂಡಲಿ ಖಗೋಳಜ್ಞ ಅಲ್ ಬಿರೂನಿಯ ಬರಹದಲ್ಲಿ ಉಳಿದಿದೆ. ಹಾಗಾಗಿ ಯಾವಾಗ ಶುರು ಮಾಡಬೇಕು ಎಂದು ಗ್ರಹಗಳನ್ನು ಕೇಳಿದ್ದು ಖಂಡಿತ. ಆದರೆ ನಗರ ದುಂಡಗಿದ್ದದ್ದು ಅದು ವಿಶ್ವದ ನಕ್ಷೆ ಎಂಬ ಕಾರಣಕ್ಕೇ ಎಂದು ಬರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಇರಾನಿನ ಗೂರ್ ಮೊದಲಾದ ದುಂಡನೆಯ ಪಟ್ಟಣಗಳು ಅದಕ್ಕಿಂತ ಎಷ್ಟೋ ಮುಂಚೆ ಇದ್ದವು. ಕೋಟೆಗೆ ದುಂಡು ಆಕಾರ ಅನುಕೂಲ ಕೂಡ. ಹಸಿರು ಗುಮ್ಮಟ 941ರಲ್ಲಿ ಬಿತ್ತು. ಆ ದುಂಡನೆಯ ನಗರದ ಕುರುಹು ಈಗ ನೆಲದ ಮೇಲೆ ಇಲ್ಲ.

ಮುಘಲರಲ್ಲಿ ಗ್ರಹಗಳ ಹುಚ್ಚು ಹಿಡಿದವನು ಹುಮಾಯೂನ್. ಗ್ರಹಗಳ ಮಂಡಲ ಇದ್ದ ದುಂಡನೆಯ ದೊಡ್ಡ ಜಮಖಾನ ಹಾಸಿಸಿ, ಯಾರು ಯಾವ ಗ್ರಹದ ಸುತ್ತಿನಲ್ಲಿ ಕೂರಬೇಕು ಎಂದು ಗೊತ್ತುಮಾಡಿದ್ದ. ವಾರಕ್ಕೆ ತಕ್ಕ ಗ್ರಹದ ಬಣ್ಣದ ಬಟ್ಟೆ ತೊಡುತ್ತಿದ್ದ. 1556ರಲ್ಲಿ ದೆಹಲಿಯ ಹಳೇ ಕೋಟೆಯ ಷೇರ್ ಮಂಡಲದ ಮೆಟ್ಟಿಲಿಂದ ಬಿದ್ದು ಸತ್ತನಲ್ಲ, ಆ ಸಂಜೆ ಅವನು ಮೇಲೆ ಹತ್ತಿದ್ದು ಶುಕ್ರ ಗ್ರಹ ಕಾಣುವುದನ್ನು ಕಾಯಲು ಎನ್ನುತ್ತಾರೆ. ಇಳಿಯುವಾಗ ಆಜಾನ್ ಕೇಳಿ ಬಾಗಲು ಹೋಗಿ ಕಾಲು ತೊಡರಿತು. ಅವನ ಸಮಾಧಿಯ ನಕ್ಷೆಗೆ 'ಹಷ್ತ್ ಬಿಹಿಷ್ತ್' ಎಂದು ಹೆಸರು, ಎಂಟು ಸ್ವರ್ಗ ಅಂತ. ನಡುವೆ ಒಂದು ಕೋಣೆ, ಸುತ್ತ ಎಂಟು. ಮುಂದೆ ತಾಜ್ ಮಹಲ್ ಹಿಡಿದದ್ದೂ ಇದೇ ದಾರಿಯನ್ನು.

ತಾಜ್ ಬಗ್ಗೆ ನೀವು ಓದಿರುವುದು ಬಹುಶಃ 1979ರಲ್ಲಿ ಅಮೆರಿಕದ ವಿದ್ವಾಂಸ ವೇಯ್ನ್ ಬೆಗ್ಲಿ ಮುಂದಿಟ್ಟ ವಾದ. ಇಡೀ ತಾಜ್ ಆವರಣ ಕಡೆಯ ದಿನದ ಬಯಲಿನ ನಕ್ಷೆ, ಸಮಾಧಿಯೇ ದೇವರ ಸಿಂಹಾಸನ ಎಂಬುದು ಅದು. ಸೂಫಿ ಚಿಂತಕ ಇಬ್ನ್ ಅರಬಿ ಬರೆದ ಒಂದು ರೇಖಾಚಿತ್ರವನ್ನು ಅವರು ಆಧಾರವಾಗಿ ತೋರಿಸಿದರು. ಬುದ್ಧಿವಂತಿಕೆಯ ವಾದ, ಆದರೆ ನನಗೆ ಅಷ್ಟು ಒಪ್ಪಿಗೆಯಿಲ್ಲ. ತಾಜ್ ತಾನೇ ಏನು ಹೇಳುತ್ತದೆ? ಅಮಾನತ್ ಖಾನ್ ಬರೆದ ಹೆಬ್ಬಾಗಿಲಿನ ಅಕ್ಷರಗಳಲ್ಲಿ ಕುರಾನಿನ 89ನೇ ಅಧ್ಯಾಯ ಇದೆ. ಅದು ಮುಗಿಯುವುದು, ಶಾಂತಿ ಪಡೆದ ಜೀವವೇ, ನನ್ನ ಸ್ವರ್ಗಕ್ಕೆ ಬಾ ಎಂಬ ಕರೆಯಲ್ಲಿ. ಕಡೆಯ ದಿನದ ಮಾತು ಬೇಕಾದಷ್ಟಿದೆ, ಸ್ವರ್ಗದ ತೋಟವಂತೂ ಕಣ್ಣೆದುರಿಗೇ ಇದೆ. ಆದರೆ ಹೆಂಡತಿಯ ಸಮಾಧಿಯನ್ನೇ ದೇವರ ಸಿಂಹಾಸನ ಎಂದು ಷಾಜಹಾನ್ ಭಾವಿಸಿದ್ದ ಎನ್ನಲು ಇಷ್ಟು ಸಾಲದು.

ಮುಕರ್ನಾಸ್ ಬಗ್ಗೆಯೂ ಇಂಥದ್ದೇ ಜಗಳ ಇದೆ. ಜೇನುಗೂಡಿನ ಹಾಗೆ ಸಣ್ಣ ಸಣ್ಣ ಗೂಡುಗಳು ಮೇಲಕ್ಕೆ ಏರುತ್ತಾ ಹೋಗುವ ಕೆಲಸ ಅದು. ಜಗತ್ತು ಬಿಡಿ ಬಿಡಿ ಕಣಗಳಿಂದ ಆಗಿದೆ, ದೇವರು ಅದನ್ನು ಕ್ಷಣ ಕ್ಷಣಕ್ಕೂ ಹಿಡಿದು ನಿಲ್ಲಿಸಿದ್ದಾನೆ ಎಂದ ಅಷ್‌ಅರಿ ಪಂಥದ ವಾದಕ್ಕೂ ಇದಕ್ಕೂ ಸಂಬಂಧ ಕಟ್ಟಿದವರಿದ್ದಾರೆ. ಚೆಂದದ ವಿಚಾರ. ಸಮರ್ಕಂದದ ಗಣಿತಜ್ಞ ಅಲ್ ಕಾಶಿ ಮಾತ್ರ 1427ರ ತನ್ನ ಗಣಿತದ ಪುಸ್ತಕದಲ್ಲಿ ಮುಕರ್ನಾಸ್ ಮೈಯ ವಿಸ್ತೀರ್ಣ ಲೆಕ್ಕ ಹಾಕುವುದು ಹೇಗೆ ಎಂದು ವಿವರಿಸಿದ.

ಸಂಕೇತದ ವಿಷಯ ಇಷ್ಟು. ಆದರೆ ಆಕಾಶ ಕಟ್ಟಡಗಳನ್ನು ಹಿಡಿದು ತಿರುಗಿಸಿದ್ದು ಇನ್ನೊಂದು ದಾರಿಯಲ್ಲಿ, ಮತ್ತು ನನ್ನ ಲೆಕ್ಕದಲ್ಲಿ ಇದೇ ದೊಡ್ಡದು. ನಮಾಜಿಗೆ ಮೆಕ್ಕಾದ ದಿಕ್ಕು, ಅಂದರೆ ಕಿಬ್ಲಾ, ಗೊತ್ತಿರಬೇಕು, ದಿನಕ್ಕೆ ಐದು ಹೊತ್ತು ಗೊತ್ತಿರಬೇಕು. ಎರಡೂ ಖಗೋಳದ ಕೆಲಸ. ಮೆಕ್ಕಾದ ಕಾಬಾ ಕೂಡ ಆಕಾಶಕ್ಕೆ ಹೊಂದಿಕೊಂಡೇ ನಿಂತಿದೆ. ಅದರ ಉದ್ದದ ಅಕ್ಷ ಅಗಸ್ತ್ಯ ನಕ್ಷತ್ರ ಹುಟ್ಟುವ ಕಡೆಗೆ, ಗಿಡ್ಡ ಅಕ್ಷ ಬೇಸಿಗೆಯ ನಡುವಿನ ಸೂರ್ಯೋದಯದ ಕಡೆಗೆ ಇದೆ. ಹಳೆಯ ಅರಬ್ಬಿ ಬರಹಗಳು ಹೀಗೆ ಹೇಳಿದ್ದವು, ಈಗಿನ ಅಳತೆಯೂ ಅದನ್ನೇ ತೋರಿಸಿದೆ. ದೂರದ ಊರಿನವರು ಮೊದಲು ಇದನ್ನೇ ನೆಚ್ಚಿಕೊಂಡರು. ಈಜಿಪ್ಟಿನವರು ಚಳಿಗಾಲದ ಸೂರ್ಯೋದಯದ ಕಡೆಗೆ, ಇರಾಕಿನವರು ಚಳಿಗಾಲದ ಸೂರ್ಯಾಸ್ತದ ಕಡೆಗೆ ಮುಖ ಮಾಡಿದರು. ಲೆಕ್ಕ ಹಾಕಿ ಕಂಡುಹಿಡಿಯುವುದು ಆಮೇಲೆ ಬಂತು. 11ನೇ ಶತಮಾನದಲ್ಲಿ ಅಲ್ ಬಿರೂನಿ ಘಜ್ನಿಯಿಂದ ಮೆಕ್ಕಾದ ದಿಕ್ಕು ಹಿಡಿಯಲು ಊರೂರುಗಳ ಅಕ್ಷಾಂಶ ರೇಖಾಂಶಗಳ ಮೇಲೆ ಒಂದು ಪುಸ್ತಕವನ್ನೇ ಬರೆದ.

ಇದರ ಪರಿಣಾಮ ಗೋಡೆಯಲ್ಲಿ ಕಾಣಬೇಕೆಂದರೆ ಕೈರೋಗೆ ಹೋಗಬೇಕು. 969ರಲ್ಲಿ ಫಾತಿಮಿ ಖಲೀಫರು ಕಟ್ಟಿದ ನಗರದ ಬೀದಿಗಳು ಹಳೆಯ ಕಾಲುವೆಯ ಪಕ್ಕಕ್ಕೆ ಹೊಂದಿಕೊಂಡಿದ್ದವು. ಲೆಕ್ಕದ ಕಿಬ್ಲಾ ಬೇರೆ ಕೋನದಲ್ಲಿತ್ತು. 1125ರ ಅಲ್ ಅಕ್ಮರ್ ಮಸೀದಿಯಲ್ಲಿ ಇದಕ್ಕೆ ಉಪಾಯ ಕಂಡುಕೊಂಡರು. ಮುಂಗೋಡೆ ಬೀದಿಗೆ ನೇರ, ಒಳಗಿನ ಮಸೀದಿ ಮೆಕ್ಕಾಕ್ಕೆ ನೇರ. ನಡುವಿನ ಗೋಡೆ ಒಂದು ತುದಿಯಲ್ಲಿ ತೆಳ್ಳಗೆ ಶುರುವಾಗಿ ಇನ್ನೊಂದು ತುದಿಗೆ ದಪ್ಪಗಾಗುತ್ತದೆ. ಆಮೇಲೆ ಈಜಿಪ್ಟನ್ನು ಆಳಿದ ಮಾಮ್ಲೂಕರ ಕಟ್ಟಡಗಳಲ್ಲಿ ಒಂದೇ ಸಾಲಿನ ಕಿಟಕಿಗಳ ಆಳ ಒಂದರಿಂದ ಒಂದಕ್ಕೆ ಹೆಚ್ಚುವುದನ್ನು ಕಾಣಬಹುದು. ಇಸ್ಫಹಾನಿನ ಷಾ ಮಸೀದಿಯಲ್ಲಿ ಮೈದಾನದ ಬಾಗಿಲು ದಾಟಿದ ಮೇಲೆ ಇಡೀ ಕಟ್ಟಡ ಸುಮಾರು 45 ಡಿಗ್ರಿ ಹೊರಳುತ್ತದೆ.

ಹೊತ್ತು ತಿಳಿಯಲು ಮಸೀದಿಗಳಲ್ಲಿ ಮುವಕ್ಕಿತ್ ಎಂಬ ನೌಕರ ಇರುತ್ತಿದ್ದ. ಡಮಾಸ್ಕಸ್‌ನ ಉಮಯ್ಯದ್ ಮಸೀದಿಯ ಮುವಕ್ಕಿತ್ ಇಬ್ನ್ ಅಲ್ ಶಾತಿರ್ 1371ರ ಸುಮಾರಿಗೆ ಮಿನಾರ್ ಮೇಲೆ ಎರಡು ಮೀಟರ್ ಉದ್ದದ ಅಮೃತಶಿಲೆಯ ನೆರಳುಗಡಿಯಾರ ಇಟ್ಟ. ಚಂದ್ರನ ಚಲನೆಗೆ ಅವನು ಕೊಟ್ಟ ಮಾದರಿಯೂ ಆಮೇಲೆ ಕೋಪರ್ನಿಕಸ್ ಕೊಟ್ಟದ್ದೂ ಗಣಿತದಲ್ಲಿ ಒಂದೇ. ಸಮರ್ಕಂದದ ದೊರೆ ಉಲುಗ್ ಬೇಗ್ ಇನ್ನೂ ಮುಂದೆ ಹೋದ. 1417-20ರಲ್ಲಿ ಕಟ್ಟಿಸಿದ ತನ್ನ ಮದರಸಾದ ಹೆಬ್ಬಾಗಿಲ ತುಂಬ ನಕ್ಷತ್ರ ಮಾಡಿಸಿದ. ಆಮೇಲೆ ಸುಮಾರು 40 ಮೀಟರ್ ತ್ರಿಜ್ಯದ ಕಮಾನು ಇರುವ ವೀಕ್ಷಣಾಲಯ ಕಟ್ಟಿಸಿ, ಸಾವಿರಕ್ಕೂ ಮೀರಿದ ನಕ್ಷತ್ರಗಳ ಪಟ್ಟಿ ಮಾಡಿಸಿದ. ಒಂದು ಕಡೆ ಆಕಾಶ ಅಲಂಕಾರ, ಇನ್ನೊಂದು ಕಡೆ ಕಟ್ಟಡವೇ ಅಳತೆಗೋಲು.

ನಮ್ಮ ದೇಶದಲ್ಲಿ ಕಿಬ್ಲಾ ಎಂದರೆ ಪಶ್ಚಿಮ ಎಂಬ ರೂಢಿ ಬಹಳ ಹಳೆಯದು. ದೆಹಲಿಗೆ ಅದು ಹೆಚ್ಚುಕಡಿಮೆ ಸರಿ, ಮೂರು ಡಿಗ್ರಿಯಷ್ಟು ಮಾತ್ರ ವ್ಯತ್ಯಾಸ. ಬೆಂಗಳೂರಿಗೆ ಬಂದರೆ ಲೆಕ್ಕದ ದಿಕ್ಕು ಪಶ್ಚಿಮದಿಂದ ಸುಮಾರು 18 ಡಿಗ್ರಿ ಉತ್ತರಕ್ಕೆ ಹೋಗುತ್ತದೆ. ಹಾಗಾಗಿ ಯಾವುದಾದರೂ ಹಳೆಯ ಮಸೀದಿಯ ಮಿಹ್ರಾಬ್ (ಮೆಕ್ಕಾದ ದಿಕ್ಕು ತೋರಿಸುವ ಗೋಡೆಯ ಗೂಡು) ಎದುರು ಫೋನಿನ ದಿಕ್ಸೂಚಿ ಹಿಡಿದು, ಕೋನ ಹೊಂದದಿದ್ದರೆ, ಕಟ್ಟಿದವರಿಗೆ ಲೆಕ್ಕ ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. ಮೆಕ್ಕಾದ ಕಡೆಯ ದಿಕ್ಕಿಗೆ ತಿರುಗಿದರೆ ಸಾಕು, ಕೂದಲೆಳೆಯಷ್ಟು ಕೋನ ಬೇಕಿಲ್ಲ ಎಂದು ಧರ್ಮಶಾಸ್ತ್ರಜ್ಞರಲ್ಲಿ ಬಹಳ ಮಂದಿ ಒಪ್ಪಿದ್ದರು. ಖಗೋಳಜ್ಞರು ಮಾತ್ರ ಇದನ್ನು ಕೇಳಿ ಗೊಣಗುತ್ತಲೇ ಇದ್ದರು.